ಮ್ಯಾನೇಜರ ಸಾಹೇಬರ ಸ್ನಾತಕೋತ್ತರ ಕನಸು

ಸಮಾಜವನ್ನು ಉದ್ಧಾರ ಮಾಡಬೇಕೆಂಬ ಆಸೆ ಪ್ರಭಾಕರರಿಗೆ ಹುಟ್ಟಿದ್ದು ಐವತ್ತಾರನೆಯ ವಯಸ್ಸಿನಲ್ಲಿ, ನಾಸಿಕದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಭಾನುವಾರದ ಎರಡನೆಯ ಚಹಾ ಮುಗಿಯುವ ಹೊತ್ತಿಗೆ. ಬಾಗಲಕೋಟೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು ಅವರು. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ಆಮೇಲೇನು ಎಂಬ ಪ್ರಶ್ನೆಗೆ ಉತ್ತರ ಆ ಬೆಳಿಗ್ಗೆ ಗೋದಾವರಿಯ ಕಡೆಯಿಂದ ತಣ್ಣಗೆ ಬೀಸಿ ಬಂತು: ಒಂದು ಸೇವಾಸಂಸ್ಥೆಯ ನೇತೃತ್ವ. ಕಣ್ಣು ಮುಚ್ಚಿದರೆ ಸಾಕು, ಬೇವಿನ ಮರದ ಕೆಳಗೆ ಸಾವಿರ ಜನ, ವೇದಿಕೆಯ ನಡುವಿನ ಕುರ್ಚಿಯಲ್ಲಿ ಖಾದಿ ಜುಬ್ಬಾ ತೊಟ್ಟ ತಾವು. (ಸಾವಿರ ಜನಕ್ಕೆ ನೆರಳು ಕೊಡುವ ಬೇವಿನ ಮರ ಎಲ್ಲಿದೆ ಎಂದು ಕನಸು ಕೇಳುವುದಿಲ್ಲ.)

ಕೊರತೆ ಒಂದೇ, ಅದಕ್ಕೆ ತಕ್ಕ ಡಿಗ್ರಿ. ಪರೀಕ್ಷೆ ಪಾಸಾಗದೆ ಪ್ರಮೋಶನ್ ಕೊಡದ ಬ್ಯಾಂಕಿನಲ್ಲಿ ಮೂವತ್ತು ವರ್ಷ ತೆಗೆದವರಿಗೆ, ಓದದೆಯೂ ಜನಸೇವೆ ಮಾಡಬಹುದೆಂದು ಹೊಳೆಯುವುದಾದರೂ ಹೇಗೆ? ನಾಲ್ಕು ಪ್ರಾಸ್ಪೆಕ್ಟಸ್ ತರಿಸಿ, ಟಿಪ್ಪಣಿ ಬರೆದು, ಫೈಲಿಗೆ ಟ್ಯಾಗ್ ಕಟ್ಟಿ, ‘ಆದೇಶಕ್ಕಾಗಿ’ ಎಂದು ಹೆಂಡತಿ ಮೃದುಲಾರ ಮುಂದಿಟ್ಟರು. ಮೃದುಲಾ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

“ಎಂ.ಎಸ್.ಡಬ್ಲ್ಯೂ. ಮಾಡ್ರಿ. ಅದರಾಗ ಮಂದಿ ನಡುವ ಕೆಲಸಾ ಕಲಸ್ತಾರ.”

“ಅದರಾಗ ಬಿಸಲಾಗ ಅಡ್ಡ್ಯಾಡಸ್ತಾರ. ನನಗ ಬೇಕಾಗಿದ್ದು ಲೀಡರ್‌ಶಿಪ್.”

“ಹಂಗಾರ ಎಂ.ಬಿ.ಎ.?”

“ಅದು ಲಾಭದ ಮಾತು. ನಾ ಲಾಭಾ ಬಿಟ್ಟು ಹೊಂಟಾಂವ.”

ಕಾಲೇಜಿಗೆ ಹೋಗುವ ಮಗಳು ರುಚಿತಾ ಮೊಬೈಲಿನಿಂದ ತಲೆ ಎತ್ತದೆ, “ಪಪ್ಪಾ, ಆಧೀ ಆಯೀ ಜೋಡಿ ಒಂದಿನಾ ಸೈಟಿಗೆ ಹೋಗಿ ಬಘಾ ನಾ,” ಎಂದಳು, ಮೊದಲು ಅಮ್ಮನ ಜೊತೆ ಹೋಗಿ ನೋಡಿ ಎಂಬುದನ್ನು ಅರ್ಧ ಮರಾಠಿಯಲ್ಲಿ.

ಪ್ರಭಾಕರರು ದೊಡ್ಡ ಮನಸ್ಸಿನಿಂದ ನಕ್ಕರು. ಮೃದುಲಾ ಮೂರು ವರ್ಷದಿಂದ ದಿನಾ ಮಧ್ಯಾಹ್ನ ಕಟ್ಟಡದ ಕೆಲಸ ನಡೆಯುವಲ್ಲಿಗೆ ಹೋಗುತ್ತಿದ್ದರು. ಯಾದಗಿರಿ ಕಡೆಯಿಂದ ದುಡಿಯಲು ಬಂದ ಹೆಂಗಸರ ಕೂಸುಗಳಿಗಾಗಿ ತಗಡಿನ ಶೆಡ್ಡಿನಲ್ಲಿ ತೊಟ್ಟಿಲು ಕಟ್ಟಿಸಿದ್ದರು. ಮೊದಲು ಇಟ್ಟಿಗೆ ಹೊರುತ್ತಿದ್ದ ಗುಂಡವ್ವ ಈಗ ಅದನ್ನು ನೋಡಿಕೊಳ್ಳುತ್ತಿದ್ದಳು. ಪ್ರಭಾಕರರ ಪ್ರಕಾರ ಅದು ಹೆಂಗಸರು ಹೊತ್ತು ಕಳೆಯುವ ಕೆಲಸ. ಅದಕ್ಕೊಂದು ಲೆಟರ್‌ಹೆಡ್ಡೂ ಇರಲಿಲ್ಲ.

ಕೊನೆಗೆ ಔರಂಗಾಬಾದಿನ ಒಂದು ಸಂಸ್ಥೆ ಅವರ ಮನಸ್ಸು ಗೆದ್ದಿತು. ‘ಸ್ವಯಂಸೇವಾ ಸಂಸ್ಥೆಗಳ ನೇತೃತ್ವ’ದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಬ್ಯಾಂಕಿಗೆ ರಜೆಯಿರುವ ಶನಿವಾರಗಳಲ್ಲೇ ಕ್ಲಾಸು. ಮುಖಪುಟದಲ್ಲಿ ವೇದಿಕೆಯ ಚಿತ್ರ, ಅದರ ಮೇಲೆ ಖಾಲಿ ಕುರ್ಚಿ. ಸಣ್ಣಕ್ಷರ ಓದದೆ ಸಹಿ ಮಾಡಬೇಡಿ ಎಂದು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುವ ಪ್ರಭಾಕರರು ಕೊನೆಯ ಪುಟ ತಿರುವದೆಯೇ ಅರ್ಜಿಗೆ ಸಹಿ ಮಾಡಿದರು.

ಸಂದರ್ಶನದ ದಿನ ಮೃದುಲಾ, “ನನಗೂ ಅಲ್ಲೆ ಸ್ವಲ್ಪ ಕೆಲಸ ಅದರಿ,” ಎಂದು ಬಸ್ಸು ಹತ್ತಿದರು. ಪೈಠಣಿ ಸೀರೆ ಕೊಳ್ಳುವ ಕೆಲಸವಿರಬೇಕೆಂದು ಪ್ರಭಾಕರರು ಅಂದುಕೊಂಡರು. ದಾರಿಯುದ್ದಕ್ಕೂ ಜೋಳದ ಹೊಲಗಳು ತಮ್ಮ ಭಾಷಣಕ್ಕೆ ತಲೆದೂಗುತ್ತಿರುವಂತೆ ಅವರಿಗೆ ಕಂಡಿತು.

ಸಂಸ್ಥೆಯ ಕೋಣೆಗೆ ಕಾಲಿಡುತ್ತಲೇ ನಿರ್ದೇಶಕಿ ಮನೋರಮಾಬಾಯಿ, ಇಬ್ಬರು ಪ್ರಾಧ್ಯಾಪಕರು ಎದ್ದು ನಿಂತರು. ಪ್ರಭಾಕರರು ಗಂಭೀರವಾಗಿ ಕೈ ಜೋಡಿಸಿದರು.

“ಯಾ ಮೃದುಲಾತಾಯಿ,” ಬನ್ನಿ ಅಕ್ಕಾ ಎಂದು ಮರಾಠಿಯಲ್ಲಿ ಸ್ವಾಗತಿಸಿದರು ಮನೋರಮಾಬಾಯಿ, ಪ್ರಭಾಕರರ ಭುಜದಾಚೆಗೆ ನೋಡುತ್ತಾ.

ಮೃದುಲಾರಿಗೆ ಮೇಜಿನ ಆ ಕಡೆ ಕುರ್ಚಿ ಹಾಕಿದರು, ಪ್ರಭಾಕರರಿಗೆ ಈ ಕಡೆ ಸ್ಟೂಲು. ಆಮೇಲೆ ಮನೋರಮಾಬಾಯಿ ಆ ಕೊನೆಯ ಪುಟ ಓದಿ ಹೇಳಿದರು: ಒಟ್ಟು ಅಂಕಗಳಲ್ಲಿ ಅರ್ಧ ಕ್ಷೇತ್ರಕಾರ್ಯಕ್ಕೆ, ನಾಸಿಕದ ವಿದ್ಯಾರ್ಥಿಗಳೆಲ್ಲ ಮೃದುಲಾತಾಯಿಯ ತೊಟ್ಟಿಲುಮನೆಯಲ್ಲೇ ಅದನ್ನು ಮಾಡಬೇಕು. ಅಂಥ ಮನೆಗಳು ಈಗ ಆರು ಇದ್ದವು, ನಾಸಿಕದ ಪಕ್ಕದ ಸಿನ್ನರಿನಲ್ಲೇ ಎರಡು. ಪ್ರಭಾಕರರಿಗೆ ಗೊತ್ತಿದ್ದದ್ದು ಒಂದು.

“ನನಗ ಯಾಕ ಹೇಳಲಿಲ್ಲ?” ಎಂದರು ಪಿಸುದನಿಯಲ್ಲಿ.

“ಹೇಳೇನಿ. ನಿಮ್ಮ ಫೈಲಿನ್ಯಾಗ ಆದೇಶದ ಜಾಗಾದಾಗ ಬರ್ದಿದ್ದೆ. ನೀವು ನೋಡಲಿಲ್ಲ.” ಆಮೇಲೆ ಮೃದುಲಾ ನಿರ್ದೇಶಕಿಯ ಕಡೆ ತಿರುಗಿದರು. ಮನೆಯವರಿಗೆ ತಾವೇ ಅಂಕ ಕೊಟ್ಟರೆ ಚೆನ್ನಾಗಿರುವುದಿಲ್ಲ, ಗುಂಡವ್ವ ಕೊಡುತ್ತಾಳೆ ಎಂದರು. ಎಲ್ಲರೂ ಒಪ್ಪಿದರು. ಸ್ಟೂಲಿನ ಒಪ್ಪಿಗೆ ಯಾರೂ ಕೇಳಲಿಲ್ಲ.

ಮೊದಲ ಭಾನುವಾರ ಗುಂಡವ್ವ ಎಂಟು ತೊಟ್ಟಿಲಿಗೆ ಸೇರಿಸಿ ಕಟ್ಟಿದ ಒಂದೇ ಹಗ್ಗವನ್ನು ಪ್ರಭಾಕರರ ಕೈಗೆ ಕೊಟ್ಟು ಹಾಲು ಕಾಯಿಸಲು ಹೋದಳು. ಹೊರಗೆ ಇಟ್ಟಿಗೆಯ ಬುಟ್ಟಿ ಹೊತ್ತ ತಾಯಂದಿರು ಏಣಿ ಹತ್ತುತ್ತಾ ಒಮ್ಮೊಮ್ಮೆ ಶೆಡ್ಡಿನ ಕಡೆ ನೋಡುತ್ತಿದ್ದರು. ಮೂರು ವರ್ಷ ಈ ಬಾಗಿಲಿಗೆ ಬರದ ತಮ್ಮ ಬಗ್ಗೆ ಪ್ರಭಾಕರರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ಕೇಳುವವರು ಎಂಟು ಜನ ಸಿಕ್ಕರಲ್ಲ ಎಂದು ಹಗ್ಗ ಎಳೆಯುತ್ತಾ ಸೇವೆಯ ಮಹತ್ವ ಹೇಳತೊಡಗಿದರು.

ಸಂಜೆ ಮೃದುಲಾ ಪೆನ್ನು ತೆಗೆದು, ಎಷ್ಟು ಅಂಕ ಎಂದು ಕೇಳಿದರು.

“ಹತ್ತಕ್ಕ ಎರಡು ಬರಕೋರಿ ಅಕ್ಕಾರ,” ಎಂದಳು ಗುಂಡವ್ವ. “ಸಾಹೇಬ್ರು ಭಾಷಣಾ ಮಾಡಿ ಮಲಗಿದ್ದ ಎಂಟೂ ಕೂಸು ಎಬ್ಬಿಸಿದ್ರು.”

“ಮತ್ತ ಆ ಎರಡು ಯಾಕ?” ಎಂದರು ಪ್ರಭಾಕರರು, ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಾ.

“ಒಂದು, ಚಪ್ಪಲಿ ಹೊರಗ ಬಿಟ್ಟು ಬಂದಿದ್ದಕ್ರಿ. ಇನ್ನೊಂದು, ಎಂಟೂ ಒಮ್ಮೆಲೆ ಅಳೂ ಮುಂದ ಓಡಿ ಹೋಗದ ನೀವೂ ಅವುಗಳ ಜೋಡಿ ಕುಂತು ಅತ್ತಿದ್ದಕ್ರಿ.”