ಅನಿಲವು ಒಮ್ಮೆಲೇ ಹಿಗ್ಗದಂತೆ ಎಚ್ಚರ ವಹಿಸುವ ಬಗ್ಗೆ

ಸಂಖ್ಯೆ: ಪ್ರಶಾ/ಅನಿಲ/ಹಿಗ್ಗು/೦೭

ವಿಷಯ: ಪ್ರಯೋಗಶಾಲೆಯ ಅನಿಲವನ್ನು ಹಿಂದಕ್ಕೆ ತರಬಹುದಾದ ರೀತಿಯಲ್ಲಿ ಮಾತ್ರ ಹಿಗ್ಗಿಸುವ ಬಗ್ಗೆ.

ಉಲ್ಲೇಖ: ೧. ಸಹಾಯಕಿಯ ರಜೆ ಅರ್ಜಿ (ಮೂರು ದಿನ, ಶಸ್ತ್ರಚಿಕಿತ್ಸೆಯಾದ ಅಕ್ಕನನ್ನು ನೋಡಿಕೊಳ್ಳಲು).
೨. ಸದರಿ ಅರ್ಜಿಯ ಬಗ್ಗೆ ನಾಲ್ಕು ನೆನಪೋಲೆಗಳು.
೩. ಚಾವಣಿಯಲ್ಲಿ ಬಿದ್ದ ತೂತು.

ಸಿಲಿಂಡರಿನ ಪಿಸ್ಟನ್ ಮೇಲೆ ತಟ್ಟೆಯಲ್ಲಿ ಹೇರಿದ ಮರಳನ್ನು ಒಂದೊಂದೇ ಕಣವಾಗಿ ತೆಗೆದರೆ ಒಳಗಿನ ಅನಿಲವು ಸಾವಕಾಶವಾಗಿ ಹಿಗ್ಗುತ್ತದೆ. ಕಣಗಳನ್ನು ವಾಪಸ್ಸು ಇಟ್ಟರೆ ತೆಪ್ಪಗೆ ಮೊದಲಿನಂತಾಗುತ್ತದೆ. ಇಲಾಖೆ ಒಪ್ಪಿರುವ ಹಿಗ್ಗುವಿಕೆ ಇದೊಂದೇ. ಹತ್ತೊಂಬತ್ತು ವರ್ಷಗಳಿಂದ ಚಿಮಟ ಹಿಡಿದು ಈ ಕಾರ್ಯ ನಿರ್ವಹಿಸುತ್ತಿದ್ದ ಸಹಾಯಕಿಯು, ಪ್ರಯೋಗ ಮುಗಿದ ಬಳಿಕ ರಜೆ ಪರಿಶೀಲಿಸಲಾಗುವುದೆಂದು ಅವರಿಗೆ ತಿಳಿಸಲಾಗಿದ್ದಾಗ್ಯೂ, ಕಳೆದ ಸೋಮವಾರ ಮರಳಿನ ತಟ್ಟೆಯನ್ನೇ ಎತ್ತಿ ಕೆಳಗಿಟ್ಟಿರುತ್ತಾರೆ. ಪಿಸ್ಟನ್ ಚಾವಣಿ ಸೇರಿದೆ. ವಿವರಣೆ ಕೇಳಲಾಗಿ, "ನಿಮ್ಮ ಮರಳು ಮುಗಿಯೋಷ್ಟರಲ್ಲಿ ನಮ್ಮಕ್ಕ ಇರ್ತಾಳಾ ಸಾರ್? ಇಷ್ಟು ವರ್ಷ ಕಾಳು ಎತ್ತಿದೆ, ಇವತ್ತು ತಟ್ಟೆ ಎತ್ತಿದೆ, ಅಷ್ಟೆ. ಪಾಪ, ಆ ಗಾಳಿಗೂ ಉಸಿರು ಬಿಟ್ಟಂಗಾಯ್ತು" ಎಂದು ಹೇಳಿ, ಕೈಚೀಲದೊಂದಿಗೆ ನಿರ್ಗಮಿಸಿರುತ್ತಾರೆ.

ಆದ್ದರಿಂದ ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಕಣಗಳನ್ನು ಒಂದೊಂದಾಗಿಯೇ ತೆಗೆಯತಕ್ಕದ್ದು. ಎರಡು ಕಣ ಅಂಟಿಕೊಂಡಿದ್ದಲ್ಲಿ ಮೇಲಧಿಕಾರಿಯ ಲಿಖಿತ ಅನುಮತಿ ಪಡೆಯತಕ್ಕದ್ದು.

೨. ಈ ವಿಧಾನಕ್ಕೆ ಅನಂತ ಕಾಲ ಹಿಡಿಯುವುದು ಇಲಾಖೆಯ ಗಮನದಲ್ಲಿದೆ. ಆ ಕಾರಣಕ್ಕೆ ಕುರ್ಚಿ ಒದಗಿಸಲಾಗುವುದಿಲ್ಲ.

೩. ಪಿಸ್ಟನ್ ಬಳಿ ಸೀನುವುದು, ಆಕಳಿಸುವುದು, ನಿಟ್ಟುಸಿರು ಬಿಡುವುದನ್ನು ನಿಷೇಧಿಸಿದೆ. ನಿಟ್ಟುಸಿರು ಅನಿವಾರ್ಯವಾದಲ್ಲಿ ಕಂತುಗಳಲ್ಲಿ ಬಿಡತಕ್ಕದ್ದು. ಸೂಚನೆ ಬಂದ ಕೂಡಲೇ ಅದನ್ನು ವಾಪಸ್ಸು ಒಳಗೆಳೆದುಕೊಳ್ಳುವಂತಿರತಕ್ಕದ್ದು. ಮಹಿಳಾ ಸಿಬ್ಬಂದಿ ಇದನ್ನು ವಿಶೇಷವಾಗಿ ಗಮನಿಸುವುದು.

೪. ಸದರಿ ಸಹಾಯಕಿಯು ಏಳು ದಿನದೊಳಗೆ ಹಾಜರಾಗಿ, ಕೊಠಡಿಯ ಗಾಳಿಯಲ್ಲಿ ಬೆರೆತಿರುವ ಅನಿಲವನ್ನು ಗುರುತಿಸಿ ಸಿಲಿಂಡರಿಗೆ ಮರುಭರ್ತಿ ಮಾಡತಕ್ಕದ್ದು. ಅನಿಲ, ಚಾವಣಿ ಹಾಗೂ ಸ್ವತಃ ಸಹಾಯಕಿಯು ಸೋಮವಾರ ಬೆಳಿಗ್ಗೆ ಇದ್ದಂತೆಯೇ ಆದ ನಂತರ ಮೂರು ದಿನದ ರಜೆಯನ್ನು ಪರಿಶೀಲಿಸಲಾಗುವುದು.

ಸಹಿ/-
ಉಸ್ತುವಾರಿ ಅಧಿಕಾರಿ
ಹಿಗ್ಗು ನಿಯಂತ್ರಣ ಶಾಖೆ

ಪ್ರತಿಗಳು:
೧. ಚಾವಣಿ ದುರಸ್ತಿ ಶಾಖೆಗೆ, ಏಣಿ ಸಹಿತ.
೨. ಸಿಲಿಂಡರಿಗೆ ಅಂಟಿಸಲು (ಅನಿಲವು ಸ್ಥಳದಲ್ಲಿಲ್ಲ).
೩. ಸಹಾಯಕಿಗೆ, ಅಕ್ಕನ ಮನೆ ವಿಳಾಸದಲ್ಲಿ.
೪. ಕಚೇರಿ ಪ್ರತಿ.

ಕಚೇರಿ ಪ್ರತಿಯಲ್ಲಿ ನಂತರ ಸೇರಿಸಿದ ಷರಾ: ಮೂರನೆಯ ಪ್ರತಿ ಹಿಂತಿರುಗಿದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ, "ಅಕ್ಕ ಇವತ್ತು ಗೋಡೆ ಹಿಡ್ಕೊಂಡು ಅಡುಗೆಮನೆವರೆಗೂ ನಡೆದಳು ಸಾರ್. ಆ ಗಾಳಿ ಹುಡುಕೋಕೆ ಬೇರೆ ಯಾರಿಗಾದ್ರೂ ಹೇಳಿ" ಎಂದು ಬರೆದಿದೆ. ಇದನ್ನು ಓದಿದ ಬೆರಳಚ್ಚುಗಾರ್ತಿಯು ನಿಟ್ಟುಸಿರು ಬಿಟ್ಟಿರುತ್ತಾರೆ. ಕಂತುಗಳಲ್ಲಿ ಅಲ್ಲ.