ಮೂಡು ಕೇಳುವ ಫೋನಿಗೆ ಮಾರ್ಕು ಹಾಕಿದ್ದು

ನಂಜನಗೂಡಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ನನಗೆ ಗಂಟುಬಿದ್ದಿರುವುದು ತೀರ್ಪುಗಾರಿಕೆ. ರಂಗೋಲಿಯಿಂದ ಹಿಡಿದು ಮುದ್ದೆ ನುಂಗುವ ಸ್ಪರ್ಧೆಯವರೆಗೆ ಯಾವುದಕ್ಕೆ ಕರೆದರೂ ಹೋಗುತ್ತೇನೆ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ಈಚೆಗೆ ತಿ. ನರಸೀಪುರದ ಕಾಲೇಜೊಂದು ಸಂಶೋಧನಾ ಸ್ಪರ್ಧೆಗೆ ಕರೆಯಿತು. ವಿದ್ಯಾರ್ಥಿಗಳು ಹಳ್ಳಿಯವರ ಸ್ಮಾರ್ಟ್‌ಫೋನಿಗೆ ಒಂದೊಂದು ಆಪ್ ಹಾಕಿಕೊಟ್ಟಿದ್ದರು. ಅದು ಆಗಾಗ ‘ಈಗ ನಿಮ್ಮ ಮೂಡು ಹೇಗಿದೆ?’ ಎಂದು ಕೇಳುತ್ತದೆ. ಬಂದ ಉತ್ತರಗಳ ಮೇಲೆ ಅವರ ಸಂಶೋಧನೆ. ಗೆದ್ದ ಒಬ್ಬರಿಗೆ ಮೈಸೂರಿನಲ್ಲಿ ಮುಂದಿನ ಸುತ್ತು. ಉತ್ತರಗಳನ್ನು ವಿದ್ಯಾರ್ಥಿಗಳು ತಾವೇ ತುಂಬಿದ್ದು ಗೊತ್ತಾದರೆ ಸ್ಪರ್ಧೆಯಿಂದಲೇ ಹೊರಗೆ. ಮೈಸೂರಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದ ಹುಲ್ಲಹಳ್ಳಿಯ ಹುಡುಗಿಯೊಬ್ಬಳು ಕೂರಲಾಗದೆ ವರಾಂಡದಲ್ಲಿ ಓಡಾಡುತ್ತಿದ್ದಳು. ನನ್ನ ಜೊತೆಗೆ ತೀರ್ಪುಗಾರರಾಗಿ ಬಂದಿದ್ದವರು ಮೈಸೂರಿನ ಮೇಡಂ, ಬಲು ಕಟ್ಟುನಿಟ್ಟು.

ದಿಕ್ಕು

ಮೊದಲ ಹುಡುಗನದು ಮಾತಾಡುವ ಆಪ್. ಅದು ‘ನಿಮ್ಮ ಮೂಡು ಹೇಗಿದೆ?’ ಎಂದಾಗ ರೈತರೊಬ್ಬರು ಕೊಟ್ಟ ಉತ್ತರವನ್ನು ನಮಗೆ ಕೇಳಿಸಿದ.

‘ಮೂಡ್ಲ ಕಡೆನಾ? ಮೂಡ್ಲ ಕಡೆ ಸರ್ಯಾಗೈತೆ ಕಣಪ್ಪ. ಪಡುವ್ಲ ಕಡೆನೇ ನಮ್ಮಣ್ಣ ಗದ್ದೆ ಬದ ಒತ್ತರಿಸ್ಕಂಡು ಬೇಜಾರು ಮಾಡವ್ನೆ.’

ಮೂಡಲು ಅಂದರೆ ಬೆಳಿಗ್ಗೆ, ಪಡುವಲು ಅಂದರೆ ಸಂಜೆ ಎಂದುಕೊಂಡ ಹುಡುಗ, ‘ರೈತರ ಮೂಡು ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಕೆಡುತ್ತದೆ’ ಎಂದು ಗ್ರಾಫ್ ಎಳೆದಿದ್ದ.

‘ಕೆಡೋದಕ್ಕೆ ಕಾರಣ?’ ಎಂದರು ಮೇಡಂ.

‘ಅವರಣ್ಣ, ಮೇಡಂ.’

ಡೇಟಾ

ಎರಡನೆಯವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮೇಡಂ ಅರ್ಧಕ್ಕೇ ತಡೆದು, ‘ಅದೆಲ್ಲ ಇರಲಿ, ಡೇಟಾ ಎಲ್ಲಿ?’ ಎಂದರು.

‘ಬೆಳಿಗ್ಗೇನೇ ಖಾಲಿ ಆಗೋಯ್ತು ಮೇಡಂ. ಹಾಟ್‌ಸ್ಪಾಟ್ ಆನ್ ಮಾಡ್ತೀರಾ?’

ನಗುವ ಮುಖ

ಮೂರನೆಯವಳದು ಮುಖದ ಚಿತ್ರ ಒತ್ತುವ ಆಪ್. ಹೆಮ್ಮರಗಾಲದ ಹೆಂಗಸೊಬ್ಬರು ಯಾವಾಗ ನೋಡಿದರೂ ಕಣ್ಣಲ್ಲಿ ನೀರು ಬರುವಷ್ಟು ನಗುವ ಮುಖವನ್ನೇ ಒತ್ತಿದ್ದರು. ಇಡೀ ಊರಿಗೇ ಸುಖವಾಗಿರುವವರು ಇವರೇ ಎಂದು ತೀರ್ಮಾನಿಸಿದ್ದ ಹುಡುಗಿ, ಗುಟ್ಟೇನೆಂದು ವಿಚಾರಿಸಲು ಅವರ ಮನೆಗೇ ಹೋಗಿದ್ದಳಂತೆ.

‘ಸುಖ ಎಲ್ ಬಂತವ್ವ? ನಾನ್ ಈರುಳ್ಳಿ ಎಚ್ಚೋ ಒತ್ತಿಗೇ ಸರ್ಯಾಗಿ ಬಡ್ಕೊತದೆ ನಿನ್ ಫೋನು. ಕಣ್ಣಾಗೆ ನೀರಿರೋ ಮುಖ ಅದೊಂದೇ ಚೆಂದಾಗಿತ್ತು, ಒತ್ತುದೆ.’

ಅವ್ವನ ಮೂಡು

ಕೊನೆಗೆ ಹುಲ್ಲಹಳ್ಳಿಯ ಹುಡುಗಿ ಬಂದಳು. ಅವಳು ಅಧ್ಯಯನ ಮಾಡಿದ್ದು ಗದ್ದೆ ಕೂಲಿಗೆ ಹೋಗುವ ತನ್ನ ಅವ್ವನನ್ನು. ಗ್ರಾಫ್ ನೋಡಿದರೆ ಅಡ್ಡಡ್ಡಲಾಗಿ ನೇರ ಗೆರೆ. ಎಲ್ಲ ದಿನವೂ ‘ತುಂಬಾ ಚೆನ್ನಾಗಿದೆ’. ಪಕ್ಕದಲ್ಲಿ ಹುಡುಗಿಯೇ ‘ಇಂದು ಅವ್ವನಿಗೆ ಜ್ವರ’, ‘ಇಂದು ಮಂಡಿನೋವು’ ಎಂದು ಬರೆದಿದ್ದಳು. ಆ ದಿನಗಳಲ್ಲೂ ತುಂಬಾ ಚೆನ್ನಾಗಿದೆ.

‘ಇದು ನೀನೇ ತುಂಬಿದ್ದು,’ ಎಂದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

‘ಇಲ್ಲ ಮೇಡಂ, ಅವ್ವನೇ ಒತ್ತಿರೋದು.’ ಹುಡುಗಿಯ ಕಣ್ಣು ತುಂಬಿ ಬಂತು. ನನಗೆ ನೋಡಲಾಗಲಿಲ್ಲ. ‘ಅವ್ವನಿಗೇ ಫೋನ್ ಮಾಡಮ್ಮ,’ ಎಂದೆ. ಮಾಡಿದಳು, ಸ್ಪೀಕರ್ ಹಾಕಿದಳು. ನಾನೇ ಮಾತಾಡಿದೆ.

‘ಅಮ್ಮಾ, ನಾನು ಇಲ್ಲಿ ತೀರ್ಪು ಕೊಡೋನು. ಫೋನು ಕೇಳಿದಾಗೆಲ್ಲ ನೀವೇ ಒತ್ತಿದ್ರಾ?’

‘ನಾನೇಯ ಸಾ.’

‘ಜ್ವರ ಬಂದಾಗಲೂ ತುಂಬಾ ಚೆನ್ನಾಗಿದೆ ಅಂತ ಒತ್ತಿದ್ದೀರಲ್ಲ?’

‘ಮತ್ತೆ? ಅದು ನಮ್ ಮಗೀದು ಪರೀಕ್ಸೆ ಅಲ್ವಾ ಸಾ. ನಾನ್ ಚೆನ್ನಾಗಿಲ್ಲ ಅಂತ ಒತ್ತುದ್ರೆ ನೀವು ಅವಳ್ಗೆ ಮಾರ್ಕು ಕಮ್ಮಿ ಕೊಟ್ಬುಟ್ರೆ?’

ಸಭೆಯೆಲ್ಲ ನಕ್ಕಿತು. ಹುಡುಗಿ ಕಣ್ಣೊರೆಸಿಕೊಂಡು, ‘ಮೇಡಂ, ಉತ್ತರ ಕೊಡೋರು ಕೇಳೋರ ಒಳ್ಳೇದಕ್ಕೆ ಅಂತ ಒತ್ತುತ್ತಾರೆ ಅಂತಾನೇ ತೀರ್ಮಾನ ಬರೀಲಾ?’ ಎಂದಳು.

‘ಬರಿ. ಬೇರೆ ಯಾರಿಗೂ ಇಂಥಾ ತೀರ್ಮಾನ ಸಿಕ್ಕಿಲ್ಲ,’ ಎಂದ ಮೇಡಂ ಅವಳ ಹೆಸರಿನ ಮುಂದೆ ‘ಮೈಸೂರಿಗೆ’ ಎಂದು ಬರೆದು ಹಾಳೆಯನ್ನು ನನ್ನ ಕಡೆ ತಳ್ಳಿದರು. ನಾನು ಸಂತೋಷದಿಂದ ಸಹಿ ಹಾಕಿದೆ.

ಆ ಕಡೆ ಅವ್ವ ಇನ್ನೂ ಫೋನಿನಲ್ಲೇ ಇದ್ದರು. ಮನಶ್ಶಾಸ್ತ್ರದ ಮೇಷ್ಟ್ರ ಚಾಳಿ, ಸುಮ್ಮನಿರಲಾಗದೆ ಕೇಳಿದೆ: ‘ಅಮ್ಮಾ, ಮಗಳ ಪರೀಕ್ಷೆ ಮುಗೀತು. ಈಗಲಾದರೂ ನಿಜ ಹೇಳಿ, ನಿಮ್ಮ ಮೂಡು ಹೇಗಿದೆ?’

‘ಮೊದ್ಲು ನೀವ್ ಎಷ್ಟು ಮಾರ್ಕು ಕೊಟ್ರಿ ಅಂತ ಏಳಿ ಸಾ. ಅದ್ ನೋಡ್ಕಂಡು ಏಳ್ತೀನಿ.’