ಬ್ರೇಕ್ ಹೊಡಿ, ಗಾಡಿ ಹೊಡಿ

ಕೆಲವರಿಗೆ ಹೊಸ ಕಾರು ಕೊಂಡರೆ ಸಂತೋಷ, ಕೆಲವರಿಗೆ ಅದನ್ನು ಜೋರಾಗಿ ಓಡಿಸಿದರೆ ಸಂತೋಷ. ನನಗೆ ಮಾತ್ರ ಕಾರು ನಿಂತರೆ ಸಂತೋಷ. ನಗಬೇಡಿ. ಓಡುವುದು ಯಾವ ಗಾಡಿಗೂ ಬರುತ್ತದೆ. ಇಳಿಜಾರು ಸಿಕ್ಕರೆ ಎತ್ತು ಕಟ್ಟದ ಬಂಡಿಯೂ ಓಡುತ್ತದೆ. ಬೇಕೆಂದ ಕಡೆ ನಿಲ್ಲುವುದಕ್ಕೇ ವಿದ್ಯೆ ಬೇಕು. ನಾಶಿಕದ ಹತ್ತಿರದ ಕಾರ್ಖಾನೆಯೊಂದರಲ್ಲಿ ನಾನು ತಪಾಸಣೆ ವಿಭಾಗದವನು. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಅಳೆದು, ತಟ್ಟಿ, ಬೆಳಕಿಗೆ ಹಿಡಿದು ಪಾಸು ಅಥವಾ ರಿಜೆಕ್ಟು ಅನ್ನುವುದಷ್ಟೇ ನನ್ನ ಕಸುಬು. ಈ ಚಾಳಿ ಮನೆಗೂ ಬಂದುಬಿಟ್ಟಿದೆ. ಜೋಳದ ರೊಟ್ಟಿಯ ಅಂಚು ನಡುವಿಗಿಂತ ದಪ್ಪಗಿದೆ ಎಂದು ಒಮ್ಮೆ ಬಾಯಿ ತಪ್ಪಿ ಅಂದು, ವಾರವಿಡೀ ಬೇಕರಿಯ ಪಾವು ತಿಂದವನು ನಾನು.

ಈ ಸಲದ ಸಂಕ್ರಾಂತಿಗೆ ನಾವು ಛತ್ರಪತಿ ಸಂಭಾಜಿನಗರದಲ್ಲಿರುವ ನನ್ನ ಷಡ್ಡಕನ ಮನೆಗೆ ಹೋಗಿದ್ದೆವು. ವಾಪಸು ಬರುವಾಗ ಬ್ರೇಕು ಒತ್ತಿದಾಗಲೆಲ್ಲ ನಮ್ಮ ಎಸ್‌ಯುವಿಯ ಸ್ಟೀರಿಂಗು ಮಲೇರಿಯಾ ಬಂದವರ ಹಾಗೆ ಗಡಗಡ ನಡುಗತೊಡಗಿತು. ಮೆಕ್ಯಾನಿಕ್ ನೋಡಿ, ಮುಂದಿನ ಚಕ್ರಗಳ ಡಿಸ್ಕುಗಳು ಸೊಟ್ಟಗಾಗಿವೆ, ಅವನ್ನು ಹಿಡಿದು ನಿಲ್ಲಿಸುವ ಪ್ಯಾಡುಗಳೂ ಸವೆದಿವೆ, ಎರಡನ್ನೂ ಬದಲಿಸಿ ಅಂದ. ಗಾಡಿಯ ಕಂಪನಿಯದೇ ಹಾಕಿಸಬೇಕೋ, ಹೊರಗಿನವರು ಮಾಡಿದ ಆಫ್ಟರ್‌ಮಾರ್ಕೆಟ್ ಮಾಲು ಹಾಕಿಸಬೇಕೋ? ಷಡ್ಡಕನಿಗೆ ಫೋನು ಮಾಡಿದರೆ, ತಾನು ಹೊರಗಿನದೇ ಹಾಕಿಸಿದ್ದೇನೆ, ಬ್ರೇಕು ಒತ್ತಿದರೆ ಸಾಕು, ಗಾಡಿ ಮಾತು ಕೇಳುವ ಅಳಿಯನ ಹಾಗೆ ನಿಲ್ಲುತ್ತದೆ ಅಂದ. ಅವನಿಗೆ ಇನ್ನೂ ಅಳಿಯ ಬಂದಿಲ್ಲ, ಆದ್ದರಿಂದ ಆ ಮಾತನ್ನು ಅರ್ಧ ಮಾತ್ರ ನಂಬಿದೆ. ಆದರೆ ಆ ಡಿಸ್ಕುಗಳ ಫೋಟೋ ನೋಡಿದ ಮೇಲೆ ನನ್ನ ತಪಾಸಣೆಯೆಲ್ಲ ಮಣ್ಣುಪಾಲಾಯಿತು. ಕನ್ನಡಿಯಂಥ ಮೈ, ಅದರ ಮೇಲೆ ಓರೆಯಾಗಿ ಕೊರೆದ ಗೀರುಗಳು, ಚಕ್ರದ ಸಂದಿಯಿಂದ ಹೊಳೆಯುವ ಬೆಡಗು. ತರಿಸಿದೆ, ಹಾಕಿಸಿದೆ, ಸೋತುಹೋದೆ.

ಅವು ಬಂದ ಮೇಲೆ ಬೆಳಿಗ್ಗೆ ಎದ್ದವನೇ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡುವುದೇ ನನ್ನ ಪೂಜೆಯಾಯಿತು. ಹಾಲಿಗೆ ಹೊರಟ ನೆರೆಯವರು ಏನಾದರೂ ಬಿದ್ದಿತೇ ಎಂದು ಕೇಳಿ, ಪಾಪ, ತಾವೂ ಬಗ್ಗಿ ಹುಡುಕುತ್ತಿದ್ದರು. ನನ್ನ ಹೆಂಡತಿ ಸುವರ್ಣಾ ಭಾಲ್ಕಿಯವಳು, ಮಾತು ನೆಟ್ಟಗೆ ಬಂದು ನಾಟುತ್ತದೆ. ಮನೆಯ ಬಾಲ್ಕನಿಯಲ್ಲಿ ನಿಂತು ಒಂದು ದಿನ ಕೇಳಿದಳು: “ನನ್ನ ಕೊರಳಾಗಿನ ಸರ ಒಮ್ಮೆರ ಹಿಂಗ ಬಗ್ಗಿ ನೋಡೀರೇನ್ರಿ?” ಸರದ ಮೇಲೆ ಗೀರು ಕೊರೆಸಿಲ್ಲವಲ್ಲ ಎಂದು ಹೇಳಲು ಹೊರಟವನು ಪಾವಿನ ನೆನಪಾಗಿ ಗಾಡಿ ಒರೆಸತೊಡಗಿದೆ.

ಇಷ್ಟೆಲ್ಲ ಸಡಗರದ ಹಿಂದೆ ಒಂದು ಸಂಕಟವಿತ್ತು. ನಮ್ಮ ಮಗಳು ಪೂರ್ಣಿಮಾಗೆ ಸಿನ್ನರ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಈ ಗಾಡಿ ತೆಗೆದುಕೊಂಡು ತಾನೊಬ್ಬಳೇ ಹೋಗಿಬರುತ್ತೇನೆ ಎಂದು ಹಟ ಹಿಡಿದಿದ್ದಳು. ಆ ದಾರಿಯಲ್ಲಿ ಓಡುವ ಟ್ರಕ್ಕುಗಳನ್ನು ನೆನೆದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಬೇಡ ಅನ್ನಲು ಧೈರ್ಯವಿಲ್ಲದೆ, ಬ್ರೇಕು ಸರಿಹೋಗಲಿ ನೋಡೋಣ ಎಂದು ತಳ್ಳುತ್ತ ಬಂದಿದ್ದೆ. ಈಗ ಬ್ರೇಕು ಚೆನ್ನಾದಷ್ಟೂ ನನ್ನ ನೆಪ ಸವೆಯುತ್ತಿತ್ತು. ಡಿಸ್ಕುಗಳನ್ನು ಕಣ್ತುಂಬ ಮೆಚ್ಚುತ್ತಲೇ ಒಳಗೊಳಗೆ, ಎಲ್ಲಾದರೂ ಒಂದಿಷ್ಟು ಕೀರಲು ಸದ್ದಾದರೂ ಬರಬಾರದೇ ಎಂದು ಹಂಬಲಿಸುತ್ತಿದ್ದೆ.

ಹೊಸ ಪ್ಯಾಡು, ಹೊಸ ಡಿಸ್ಕು ಹಾಕಿದ ಕೂಡಲೇ ಒಂದಕ್ಕೊಂದು ಕೂಡುವುದಿಲ್ಲ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ಬ್ರೇಕು ಒತ್ತಿ, ಮತ್ತೆ ವೇಗ ಹಿಡಿದು, ಮತ್ತೆ ಒತ್ತಿ, ಹೀಗೆ ಅವೆರಡನ್ನೂ ಹೊಂದಿಸಬೇಕು. ಇದನ್ನು ವಿವರಿಸಿದಾಗ ಸುವರ್ಣಾ, ಮದುವೆಯಾಗಿ ಇಷ್ಟು ವರ್ಷವಾದರೂ ನಮಗೇ ಆಗದ ಹೊಂದಾಣಿಕೆ ಅವಕ್ಕೆ ಒಂದು ಮುಂಜಾನೆಯಲ್ಲಿ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ, ಅವು ಮಾತಾಡುವುದಿಲ್ಲವಲ್ಲ ಅಂದೆ. ಅಂತೂ ಭಾನುವಾರ ಬೆಳಿಗ್ಗೆ ಮೂವರೂ ದಿಂಡೋರಿ ರಸ್ತೆಗೆ ಹೊರಟೆವು. ಸ್ಟೀರಿಂಗ್ ಹಿಡಿದದ್ದು ಪೂರ್ಣಿಮಾ, ಎಡಗಡೆ ತಪಾಸಣಾಧಿಕಾರಿಯಾಗಿ ನಾನು, ಹಿಂದೆ ಸುವರ್ಣಾ. ಬ್ರೇಕಿನ ಜೊತೆಗೆ ಡ್ರೈವರನ್ನೂ ಪರೀಕ್ಷಿಸಿ ತೀರ್ಪು ಕೊಡುವುದೆಂದು ನಾನೇ ಘೋಷಿಸಿದ್ದೆ.

ಆಹಾ, ಏನು ಬ್ರೇಕು ಅದು! ದ್ರಾಕ್ಷಿ ತೋಟಗಳ ನಡುವಿನ ನೇರ ರಸ್ತೆ. ನಾನು “ಬ್ರೇಕ್ ಹೊಡಿ” ಅನ್ನುವುದು, ಪೂರ್ಣಿಮಾ ಮೆತ್ತಗೆ ಒತ್ತುವುದು, ಆ ದೊಡ್ಡ ಗಾಡಿ ಒಂದಿಷ್ಟೂ ಅಲುಗದೆ ತಗ್ಗುವುದು. ನಡುಕವಿಲ್ಲ, ಆ ಕಡೆ ಈ ಕಡೆ ಎಳೆತವಿಲ್ಲ, ಸುಟ್ಟ ವಾಸನೆಯಿಲ್ಲ. ಕೀರಲು ಸದ್ದು ಬಂದೀತೇ ಎಂದು ಕಿಟಕಿ ಇಳಿಸಿ, ಕಣ್ಣು ಮುಚ್ಚಿ, ಕಿವಿ ಹೊರಗಿಟ್ಟೆ. ಹಕ್ಕಿಗಳ ಸದ್ದು ಕೇಳಿಸಿತು. ಸುಖ ಹೆಚ್ಚಾದಾಗ ನಾಲಿಗೆಗೂ ಸೋಮಾರಿತನ ಬರುತ್ತದೆ. ‘ಬ್ರೇಕ್’ ಅನ್ನುವ ಪದವನ್ನು ಬಿಟ್ಟು ಬರೀ ‘ಹೊಡಿ’ ಅಂದೆ.

ಇಲ್ಲಿ ಒಂದು ಮಾತು ಹೇಳಬೇಕು. ಹೊಡೆಯದೆ ನಮ್ಮ ಕಡೆ ಯಾವ ಕೆಲಸವೂ ಆಗುವುದಿಲ್ಲ. ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಏನೂ ಕೆಲಸವಿಲ್ಲದಿದ್ದರೆ ನೊಣ ಹೊಡೆಯುತ್ತೇವೆ. ಬ್ರೇಕು ಹೊಡೆದರೆ ಗಾಡಿ ನಿಲ್ಲುತ್ತದೆ, ಗಾಡಿಯನ್ನೇ ಹೊಡೆದರೆ ಅದು ಓಡುತ್ತದೆ. ನಮ್ಮ ಪೂರ್ಣಿಮಾ ನಾಶಿಕದಲ್ಲೇ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಮೊದಲು ಬರುವುದು ಮರಾಠಿ. ಅವಳ ಕನ್ನಡವೆಲ್ಲ ತಾಯಿಯಿಂದ ಬಂದದ್ದು, ತಾಯಿಯ ಕನ್ನಡದಲ್ಲಿ ‘ಹೊಡಿ’ ಅಂದರೆ ನಡೆಸು. ಮಗಳು ಆಕ್ಸಿಲರೇಟರ್ ಒತ್ತಿದಳು.

ಗಾಡಿ ಮುಂದಕ್ಕೆ ಜಿಗಿದಾಗ ಕಣ್ಣು ಬಿಟ್ಟೆ. ದೂರದಲ್ಲಿ, ತೋಟದೊಳಗಿಂದ ದ್ರಾಕ್ಷಿಯ ಕ್ರೇಟು ತುಂಬಿದ ಟ್ರ್ಯಾಕ್ಟರೊಂದು ನಿಧಾನವಾಗಿ ರಸ್ತೆಗೆ ಮೂತಿ ಚಾಚುತ್ತಿತ್ತು. “ಹೊಡಿ!” ಅಂದೆ. ವೇಗ ಹೆಚ್ಚಿತು. “ಹೊಡಿ, ಹೊಡಿ!” ಅಂದೆ. ಇನ್ನೂ ಹೆಚ್ಚಿತು. ಜೀವ ಬಾಯಿಗೆ ಬಂತು. ಬ್ರೇಕು ಫೇಲಾಯಿತು, ಷಡ್ಡಕ ನಮ್ಮನ್ನು ಕೊಂದ ಎಂದೇ ತೀರ್ಮಾನಿಸಿದೆ. ನೆಪ ಬೇಕೆಂದು ಹಂಬಲಿಸಿದ್ದಕ್ಕೆ ದೇವರು ಇದೇ ಕೊಟ್ಟನೇ ಅನ್ನಿಸಿತು; ಮಗಳಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡೆ. ಆಗ ಪೂರ್ಣಿಮಾ, ನನ್ನ ಅಪ್ಪಣೆಗೆ ಕಾಯದೆ, ಹೆದರದೆ, ಬ್ರೇಕು ಒತ್ತಿದಳು. ಗಾಡಿ ಗೆರೆ ಎಳೆದ ಹಾಗೆ ನೆಟ್ಟಗೆ ಬಂದು ನಿಂತಿತು. ನಮಗೂ ಟ್ರ್ಯಾಕ್ಟರಿಗೂ ನಡುವೆ ಒಂದು ಮದುವೆ ಊಟದ ಪಂಕ್ತಿ ಕೂರಿಸುವಷ್ಟು ಜಾಗವಿತ್ತು. ಟ್ರ್ಯಾಕ್ಟರಿನವನು ನಮ್ಮ ಕಡೆ ತಿರುಗಿಯೂ ನೋಡದೆ ದಾಟಿಹೋದ.

“ಪಪ್ಪಾ, ತುಮ್ಹೀಚ ಹೊಡಿ ಹೊಡಿ ಅಂದ್ರಿ! ಹೊಡಿ ಮ್ಹಣಜೆ ಚಲವ ನಾ?” ಅಂದಳು ಪೂರ್ಣಿಮಾ. ಹೊಡಿ ಅಂದವರು ನೀವೇ, ಹೊಡಿ ಅಂದರೆ ಓಡಿಸು ತಾನೇ ಎಂಬ ಆಕ್ಷೇಪಣೆ. ಓಡಿಸು ಅಂದದ್ದು ಯಾರು, ನಿಲ್ಲಿಸು ಅಂದದ್ದು ಎಂದು ನಾನು ಬಿಡಿಸಿ ಹೇಳಹೊರಟೆ. ಹೇಳಿದಷ್ಟೂ ಗೋಜಲಾಯಿತು. ಹಿಂದಿನ ಸೀಟಿನಿಂದ ಸುವರ್ಣಾ ಸಾವಕಾಶವಾಗಿ ಅಂದಳು: “ಇನ್ನೊಂದು ಜೋಡಿ ಪ್ಯಾಡ್ ತರಸ್ರಿ. ನಿಮ್ಮ ಬಾಯಿಗಿ ಹಾಕ್ಸೋಣು.”

ಮಗಳನ್ನು ನೋಡಿದೆ. ಗಾಡಿಯನ್ನು ಪಕ್ಕಕ್ಕೆ ತೆಗೆದು, ನೀರು ಕುಡಿದು, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಒಬ್ಬ ಗಂಡಸು ಕಿರುಚುತ್ತಿದ್ದರೂ ರಸ್ತೆಯ ಮೇಲಿನ ಕಣ್ಣು ಕೀಳದ ಈ ಹುಡುಗಿಗೆ ಸಿನ್ನರ್ ದಾರಿ ಯಾವ ಲೆಕ್ಕ? ಡಿಸ್ಕನ್ನು ಅಷ್ಟು ದಿನ ಬಗ್ಗಿ ಬಗ್ಗಿ ನೋಡಿದ್ದೆನಲ್ಲ, ಅದನ್ನು ಹಿಡಿದು ನಿಲ್ಲಿಸುವ ಕಾಲು ಯಾರದೆಂದು ನೋಡಿರಲೇ ಇಲ್ಲ. ಎದೆ ತುಂಬಿ ಬಂತು. ತೀರ್ಪು ಹೇಳಲು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅವಳೇ ನನ್ನತ್ತ ತಿರುಗಿ, ಒಂದೊಂದೇ ಮಾತು ಜೋಡಿಸಿಕೊಂಡು ಅಂದಳು: “ಬ್ರೇಕ್ ಭಾಳ ಛಲೋ ಅವ ಪಪ್ಪಾ. ಇನ್ನ ನೀವು ಇಳೀರಿ. ನಾವು ದಿಂಡೋರಿ ತನಕ ಹೋಗಿ ಬರ್ತೀವಿ.”

ಒಂದೂ ಮರಾಠಿ ಪದ ಬೆರೆಸದೆ ಮಗಳು ಇಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ‘ಹೋಗ್ತೀವಿ’ ಅನ್ನದೆ ‘ಹೋಗಿ ಬರ್ತೀವಿ’ ಅಂದಳಲ್ಲ, ಅದನ್ನು ಯಾರು ಕಲಿಸಿದರು ಇವಳಿಗೆ ಎಂದು ಹಿಗ್ಗಿಹೋದೆ. ಆ ಹಿಗ್ಗಿನಲ್ಲೇ ಬಾಗಿಲು ತೆರೆದು ಇಳಿದೆ. ಸುವರ್ಣಾ ಹಿಂದಿನಿಂದ ಬಂದು ನನ್ನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ನಾನು ಕೈ ಬೀಸಿದೆ. ಆ ವಾಕ್ಯಕ್ಕೆ ಅರ್ಥವೂ ಇದೆ ಎಂದು ಹೊಳೆದದ್ದು ಗಾಡಿ ತಿರುವು ದಾಟಿದ ಮೇಲೆ.